ಬಚ್ಚಲಿನ ಹಿಂದಿನ ಹಂಚು

“ಅಜ್ಜ, ನಿಮ್ಮ ಮನೆಯ ತಾರಸಿ ದೋಸೆ ಕಾವಲಿಯ ಹಾಗೆ ಕಾದಿದೆ!”

ಹೋದ ವರ್ಷ ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಗಳು ಪುಟ್ಟಿ ಏಣಿ ಹತ್ತಿ, ಕೋಣೆಯ ಮೇಲ್ಭಾಗಕ್ಕೆ ಅಂಗೈ ಒತ್ತಿ ಹೇಳಿದ ಮಾತಿದು. ಆಗ ರಾತ್ರಿ ಹತ್ತು ಗಂಟೆ. ಸೂರ್ಯ ಮುಳುಗಿ ಮೂರು ತಾಸು ಕಳೆದಿತ್ತು. ನಾನು ಏನೂ ಉತ್ತರ ಕೊಡಲಿಲ್ಲ. ತಪ್ಪು ನನ್ನದೇ ಆಗಿತ್ತು.

ಪುತ್ತೂರಿನ ಹತ್ತಿರ ನಮ್ಮ ಹಳ್ಳಿ. ನನ್ನ ಅಮ್ಮ ಬಾಳಿದ ಮನೆಗೆ ಮುರಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು. ನಿವೃತ್ತಿಯ ಹಣ ಕೈಗೆ ಬಂದಾಗ ನಾನೇ ಮುಂದೆ ನಿಂತು ಹಂಚು ಇಳಿಸಿ ತಾರಸಿ ಹಾಕಿಸಿದೆ. “ಮಂಗ ಹಾರಿ ಹಂಚು ಒಡೆಯುವ ಕಾಟ ತಪ್ಪಿತು” ಎಂದು ಊರಿಗೆಲ್ಲ ಹೇಳಿಕೊಂಡು ಬಂದೆ. ಇಳಿಸಿದ ಹಂಚು ಬಚ್ಚಲುಮನೆಯ ಹಿಂದೆ ಪಾಚಿ ಹಿಡಿದು ಕುಳಿತಿತು. ಪುಟ್ಟಿಯ ಅಜ್ಜಿಗೆ ಮಾತ್ರ ಆ ಬೇಸಿಗೆಯಿಂದ ನಿದ್ದೆಯೇ ಇಲ್ಲ. ಮಧ್ಯರಾತ್ರಿ ಚಾಪೆ ಹಿಡಿದು ಜಗಲಿಗೆ ಬರುತ್ತಿದ್ದಳು. ಮಗ ಎ.ಸಿ. ಹಾಕಿಸುತ್ತೇನೆಂದ. “ಕರೆಂಟು ಹೋದರೆ ಅದು ಬರೀ ಪೆಟ್ಟಿಗೆ. ನನಗೆ ಪೆಟ್ಟಿಗೆ ಬೇಡ, ನಿದ್ದೆ ಬೇಕು” ಎಂದಳು ಅಜ್ಜಿ.

ಅದೇ ರಜೆಯಲ್ಲಿ ನಾವು ಮೂವರೂ ತಿರುವನಂತಪುರಕ್ಕೆ ಹೊರಟೆವು. ಹಿಂದೆ ಬ್ಯಾಂಕಿನಲ್ಲಿ ನನ್ನ ಜತೆ ಕೆಲಸ ಮಾಡಿದ ಗೆಳೆಯನೊಬ್ಬ ಅಲ್ಲಿದ್ದಾನೆ. ಸಂಜೆ ಮಂಗಳೂರಿನಲ್ಲಿ ರೈಲು ಹತ್ತಿದವರು ಬೆಳಗ್ಗೆ ಅಲ್ಲಿ ಇಳಿದೆವು. ನಿಲ್ದಾಣದ ಎದುರಿಗೇ ತಂಪಾನೂರು. ಅಲ್ಲೊಂದು ಇಂಡಿಯನ್ ಕಾಫಿ ಹೌಸ್ ಇದೆ. ಅದನ್ನು ನೋಡಿದ ಕೂಡಲೇ ಪುಟ್ಟಿ, “ಅಜ್ಜ, ಬಸವನಹುಳು!” ಎಂದು ಕೂಗಿದಳು.

ಹೌದು ಮಕ್ಕಳೇ, ಆ ಕಟ್ಟಡ ದುಂಡಗೆ, ಕೆಂಪಗೆ ಸುರುಳಿ ಸುತ್ತಿಕೊಂಡು ಮೇಲೇರುತ್ತದೆ. ಒಳಗೆ ಮಹಡಿಗಳಿಲ್ಲ. ಇಳಿಜಾರಿನ ಒಂದೇ ದಾರಿ ಸುತ್ತುತ್ತ ಮೇಲಕ್ಕೆ ಹೋಗುತ್ತದೆ. ಗೋಡೆಯ ಉದ್ದಕ್ಕೂ ಮೇಜು, ಬೆಂಚು. ಗೋಡೆಯಲ್ಲಿ ಚೌಕ ಚೌಕದ ಕಿಂಡಿಗಳು. ನಾವು ಎರಡು ಸುತ್ತು ಹತ್ತಿ ಕುಳಿತೆವು. ಪೇಟ ಸುತ್ತಿದ ಮಾಣಿ ಕಾಫಿ ತಂದಿಟ್ಟ. ಹೊರಗೆ ಬಿಸಿಲು ಚುರುಗುಟ್ಟುತ್ತಿದ್ದರೂ ಕಿಂಡಿಗಳಿಂದ ಗಾಳಿ ಬರುತ್ತಿತ್ತು, ಬೆಳಕೂ ಬರುತ್ತಿತ್ತು. ಅಜ್ಜಿ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು.

ಇದನ್ನು ರೂಪಿಸಿದವರು ಲಾರಿ ಬೇಕರ್. 1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿ, ಭಾರತಕ್ಕೆ ಬಂದು, ಹಿಮಾಲಯದ ಪಿಥೋರಾಗಢದಲ್ಲಿ ಬಹಳ ವರ್ಷ ಇದ್ದು, ಆಮೇಲೆ ಕೇರಳದಲ್ಲಿ ನೆಲೆಸಿದರು. 1990ರಲ್ಲಿ ಪದ್ಮಶ್ರೀ ಬಂತು. 2007ರಲ್ಲಿ ತಿರುವನಂತಪುರದಲ್ಲೇ ತೀರಿಕೊಂಡರು. ಮನೆಗೆ ಬೇಕಾದ ಸಾಮಾನು ಐದು ಮೈಲಿಯೊಳಗೆ ಸಿಗುವಂಥದ್ದಾಗಿರಬೇಕು ಎಂದು ಗಾಂಧೀಜಿ ಹೇಳಿದ್ದನ್ನು ಅವರು ಆಗಾಗ ನೆನೆಯುತ್ತಿದ್ದರು.

ಗೆಳೆಯನ ಮನೆಯೂ ಬೇಕರ್ ದಾರಿಯಲ್ಲೇ ಕಟ್ಟಿದ್ದು. ಅದರ ಗೋಡೆಯ ಕಟ್ಟಿಗೆ ‘ಇಲಿಬೋನು’ ಎಂಬ ಹೆಸರಿದೆ ಎಂದಾಗ ಪುಟ್ಟಿ ನಕ್ಕಳು. ಇಟ್ಟಿಗೆಗಳನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಕಟ್ಟುತ್ತಾರೆ. ಗೋಡೆಯ ನಡುವೆ ಟೊಳ್ಳು ಉಳಿಯುತ್ತದೆ. ಸುಮಾರು ಕಾಲು ಪಾಲು ಇಟ್ಟಿಗೆ ಉಳಿತಾಯ. ಟೊಳ್ಳಿನಲ್ಲಿ ನಿಂತ ಗಾಳಿ ಹೊರಗಿನ ಬಿಸಿಯನ್ನು ಬೇಗನೆ ಒಳಗೆ ಬಿಡುವುದಿಲ್ಲ. ಚಳಿಗೆ ಒಂದು ದಪ್ಪ ಕಂಬಳಿಗಿಂತ ಎರಡು ತೆಳು ಹೊದಿಕೆ ಬೆಚ್ಚಗಿರುತ್ತದಲ್ಲ, ಅದೂ ನಡುವಿನ ಗಾಳಿಯ ಕೆಲಸವೇ.

“ಈಗ ಮೇಲೆ ನೋಡು” ಎಂದ ಗೆಳೆಯ. ನೋಡಿದೆ. ತಾರಸಿಯ ಒಳಗೆ ಸಾಲಾಗಿ ಮಂಗಳೂರು ಹಂಚು! ತಾರಸಿಯ ಕೆಳಭಾಗದಲ್ಲಿ ಎಳೆತವನ್ನು ತಡೆಯುವುದು ಕಬ್ಬಿಣದ ಸರಳು, ಅಲ್ಲಿ ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲ. ಹಾಗಾಗಿ ಎಂಜಿನಿಯರು ಲೆಕ್ಕ ಹಾಕಿ ಸರಳುಗಳ ನಡುವೆ ಹಳೇ ಹಂಚು ಕೂರಿಸುತ್ತಾರೆ. ಸಿಮೆಂಟು ಕಡಿಮೆ ಸಾಕು. ಸುಣ್ಣಕಲ್ಲನ್ನು ಸುಮಾರು 1450 ಡಿಗ್ರಿ ಶಾಖದಲ್ಲಿ ಸುಟ್ಟು ಸಿಮೆಂಟು ಮಾಡುವುದರಿಂದ ಅಷ್ಟು ಉರುವಲೂ ಉಳಿದಂತೆ.

1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಆ ಹಂಚು ಇಷ್ಟು ದೂರ ಬಂದು ಮರ್ಯಾದೆಯಿಂದ ಕುಳಿತಿದೆ. ನಮ್ಮದೋ ಬಚ್ಚಲಿನ ಹಿಂದೆ! ಅಜ್ಜಿ ನನ್ನ ಮುಖ ನೋಡಿದಳು. ಏನೂ ಹೇಳಲಿಲ್ಲ.

“ನನ್ನ ತಾರಸಿ ಹಾಕಿ ಆಯಿತಲ್ಲ ಮಾರಾಯ, ಈಗೇನು ಒಡೆಯುವುದೇ?” ಎಂದು ಕೇಳಿದೆ.

“ಒಡೆಯಬೇಡ, ಅದಕ್ಕೊಂದು ಕೊಡೆ ಹಿಡಿ” ಎಂದ.

ಊರಿಗೆ ಬಂದವರೇ ಮಳೆಗಾಲಕ್ಕೆ ಮೊದಲು ಕೆಲಸ ಹಿಡಿದೆವು. ಪುಟ್ಟಿ ಬ್ರಷ್ಷಿನಿಂದ ಪಾಚಿ ಉಜ್ಜಿದಳು. “ಐದು ಮೈಲಿ ಯಾಕಜ್ಜ, ಐವತ್ತೇ ಹೆಜ್ಜೆ” ಎಂದಳು. ಬಡಗಿ ತಾರಸಿಯ ಮೇಲೆ ಪಕ್ಕಾಸು, ರೀಪು ಹೊಡೆದು ಹಂಚು ಹೊದಿಸಿದ. ಸುತ್ತ ಗೋಡೆ ಕಟ್ಟದೆ ತೆರೆದೇ ಬಿಟ್ಟೆವು. ಈಗ ಬಿಸಿಲು ಹಂಚಿನ ಮೇಲೆ ಬೀಳುತ್ತದೆ, ತಾರಸಿಗೆ ತಾಗುವುದಿಲ್ಲ. ನಡುವಿನ ಬಿಸಿಯನ್ನು ಗಾಳಿ ಹೊತ್ತೊಯ್ಯುತ್ತದೆ. ಅಜ್ಜಿಯ ಕೋಣೆಯ ಗೋಡೆಯಲ್ಲಿ ಮೇಲೆ ಎರಡು ಕಿಂಡಿ ತೆಗೆಸಿದೆವು. ಬಿಸಿಗಾಳಿ ಹಗುರ, ಮೇಲೇರಿ ಅಲ್ಲಿಂದ ಹೊರಟುಹೋಗುತ್ತದೆ.

ಮಂಗಗಳು ತಿರುಗಿ ಬಂದವು, ನಾಲ್ಕಾರು ಹಂಚು ಒಡೆದವು ಕೂಡ. ಬದಲಿ ಹಾಕಿದರಾಯಿತು. ಎ.ಸಿ. ತರಲಿಲ್ಲ. ಫ್ಯಾನು ಬೇಕು, ಆದರೆ ನಿಧಾನ ತಿರುಗಿದರೆ ಸಾಕು.

ಈ ವರ್ಷದ ರಜೆಗೂ ಪುಟ್ಟಿ ಬಂದಿದ್ದಾಳೆ. ಬಂದ ರಾತ್ರಿಯೇ ಹತ್ತು ಗಂಟೆಗೆ ಸದ್ದಿಲ್ಲದೆ ಏಣಿ ಹತ್ತಿ ಅಂಗೈ ಒತ್ತಿದಳು.

“ಏನಾಯಿತು? ದೋಸೆ ಹೊಯ್ಯಬಹುದಾ?” ಎಂದೆ.

ಅವಳು ತುಟಿಯ ಮೇಲೆ ಬೆರಳಿಟ್ಟು ಮಂಚದ ಕಡೆ ತೋರಿಸಿದಳು. ಅಜ್ಜಿ ಗೊರಕೆ ಹೊಡೆಯುತ್ತಿದ್ದಳು.