ಕಾಶಿಗೆ ಬಂದ ಕಡಲಹಕ್ಕಿ

ಚಳಿಗಾಲ ಬಂತೆಂದರೆ ಅಸ್ಸಿ ಘಾಟಿನಲ್ಲಿ ಬಿಳಿ ಕಡಲಹಕ್ಕಿಗಳದ್ದೇ ಗದ್ದಲ. ಮೊನ್ನೆ ರಜೆಗೆ ಬಂದ ಮೊಮ್ಮಗಳು ದೋಣಿಯಲ್ಲಿ ಕೂತು ಕೇಳಿದಳು, "ತಾತ, ಕಡಲೇ ಇಲ್ಲದ ಊರಿಗೆ ಇವು ಯಾಕೆ ಬರ್ತವೆ?"

ಬಿ.ಕಾಂ. ಓದಿ, ಮೂವತ್ತು ವರ್ಷ ಬ್ಯಾಂಕಿನಲ್ಲಿ ಬಡ್ಡಿ ಲೆಕ್ಕ ಹಾಕಿದವನಿಗೆ ಹಕ್ಕಿ ಲೆಕ್ಕ ಏನು ಗೊತ್ತು ಹೇಳಿ! ಇವಳ ಅಮ್ಮ ಚಿಕ್ಕವಳಿದ್ದಾಗ ಹೀಗೆ ಕೇಳಿದರೆ "ಹೋಗು, ಟೀಚರನ್ನ ಕೇಳು" ಅಂತಿದ್ದೆ. ಕ್ರಮೇಣ ಅವಳು ಕೇಳೋದನ್ನೇ ಬಿಟ್ಟಳು.

ಈ ಸಲ "ಗೊತ್ತಿಲ್ಲ ಪುಟ್ಟಿ" ಅಂದು, ಗೊತ್ತಿದ್ದ ರೇಚಲ್ ಕಾರ್ಸನ್ ಕಥೆ ಹೇಳಿದೆ. 1907ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ನದಿ ಪಕ್ಕದ ಊರಲ್ಲಿ ಹುಟ್ಟಿದವಳು. 11ನೇ ವಯಸ್ಸಿಗೇ ಮಕ್ಕಳ ಪತ್ರಿಕೆಯಲ್ಲಿ ಅವಳ ಕಥೆ ಅಚ್ಚಾಯಿತು. ಕಡಲಿನ ಕನಸು ಕಾಣುತ್ತಿದ್ದವಳು ಅದನ್ನು ಕಣ್ಣಾರೆ ಕಂಡಿದ್ದು 22ರಲ್ಲಿ! ಪ್ರಾಣಿಶಾಸ್ತ್ರ ಓದಿ, ಸರ್ಕಾರಿ ನೌಕರಿ ಮಾಡುತ್ತಲೇ ಕಡಲಿನ ಬಗ್ಗೆ ಬರೆದಳು. ತಾಯಿಯನ್ನು ಕಳೆದುಕೊಂಡ ಅಕ್ಕನ ಮೊಮ್ಮಗ ರೋಜರ್‌ನನ್ನು ದತ್ತು ತೆಗೆದುಕೊಂಡಳು. ರಾತ್ರಿ ಟಾರ್ಚ್ ಹಿಡಿದು ಅವನ ಜೊತೆ ದಂಡೆಯಲ್ಲಿ ಏಡಿ ಹುಡುಕಿದಳು. ಮಗುವಿಗೆ ಹೆಸರು ಕಲಿಸುವ ಮೊದಲು ಜೊತೆಗೆ ಬೆರಗಾಗಬೇಕು ಅನ್ನೋದು ಅವಳ ನಂಬಿಕೆ. ಡಿಡಿಟಿಯಂಥ ವಿಷ ಹಕ್ಕಿಗಳನ್ನು ಕೊಲ್ಲುತ್ತಿದೆ ಎಂದು 1962ರಲ್ಲಿ 'ಸೈಲೆಂಟ್ ಸ್ಪ್ರಿಂಗ್' ಬರೆದಾಗ ರಾಸಾಯನಿಕ ಕಂಪನಿಗಳು ಹರಿಹಾಯ್ದವು. ಆಗಲೇ ಅವಳಿಗೆ ಕ್ಯಾನ್ಸರ್. 1964ರಲ್ಲಿ ತೀರಿಕೊಂಡಾಗ 56 ವರ್ಷ. ನನಗೀಗ ಅಷ್ಟೇ.

ಮನೆಗೆ ಬಂದು ಇಬ್ಬರೂ ಹುಡುಕಿದೆವು. ಈ ಹಕ್ಕಿಗಳಲ್ಲಿ ಕೆಲವು ಮರಿ ಮಾಡುವುದು ಮಧ್ಯ ಏಷ್ಯಾದ ಎತ್ತರದ ಸರೋವರಗಳಲ್ಲಂತೆ. ಚಳಿಗೆ ಅಲ್ಲಿಂದ ಹೊರಡುತ್ತವೆ.

ರಾತ್ರಿ ಮಗಳಿಗೆ ಫೋನ್ ಮಾಡಿದೆ. "ಚಿಕ್ಕವಳಿದ್ದಾಗ ನೀನು ಏನೇನು ಕೇಳ್ತಿದ್ದೆ, ನೆನಪಿದೆಯಾ?"

"ಇಲ್ಲಪ್ಪ," ಅಂದಳು.

ನನಗೆ ಒಂದೆರಡು ನೆನಪಿವೆ.