ಇಳಕಲ್ಲಿಗೆ ಜವಳಿ ತರಲು ಹೋದದ್ದು

ಮದುವೆಯ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ಸಿದ್ಧವಾಗುವುದು ಸೀರೆಗಳ ಪಟ್ಟಿ ಎಂಬುದು ನಮ್ಮ ಅನುಭವ. ಅಣ್ಣನವರ ಮಗಳ ಮದುವೆ ನಿಶ್ಚಯವಾದ ಮರುದಿನವೇ ನಮ್ಮ ಮನೆಯ ಹೆಣ್ಣುಮಕ್ಕಳು ಕಾಗದ ಹಿಡಿದು ಕುಳಿತರು. ಬೆಳಿಗ್ಗೆ 11 ಸೀರೆಗಳಿದ್ದ ಆ ಪಟ್ಟಿಯು ಸಂಜೆ ದೀಪ ಹಚ್ಚುವ ವೇಳೆಗೆ 32ಕ್ಕೆ ಏರಿತ್ತು. ಮದುಮಗಳ ಹೆಸರಿನ ಮುಂದೆ ಮಾತ್ರ ಸೀರೆಯಿರಲಿಲ್ಲ. ಇತ್ತೀಚಿನ ಚಲನಚಿತ್ರವೊಂದರಲ್ಲಿ ನಾಯಕಿ ತೊಟ್ಟ ಘಾಗ್ರಾವೇ ಬೇಕೆಂದು ಆಕೆಯ ಹಟ. ಅದರ ಚಿತ್ರವನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಕಂಡವರಿಗೆಲ್ಲ ತೋರಿಸುತ್ತಿದ್ದಳು.

ಬಾಗಲಕೋಟೆಯಿಂದ ವಾಹನ ಹೊರಟೊಡನೆ ಚಾಲಕನು ಹೊಸ ಚಿತ್ರಗೀತೆಗಳನ್ನು ಹಚ್ಚಿದನು. ಮಕ್ಕಳು ತಾಳ ಹಾಕಿದರೆ, ನಮ್ಮ ವೃದ್ಧ ತಾಯಿಯವರು ಕಿವಿಗೆ ಸೆರಗು ಮುಚ್ಚಿಕೊಂಡರು. ಸಿನಿಮಾ ಎಂದರೆ ಅವರಿಗೆ ಒಂದೇ. 1959ರಲ್ಲಿ ತೆರೆಕಂಡ ‘ಜಗಜ್ಯೋತಿ ಬಸವೇಶ್ವರ’. ಹೊನ್ನಪ್ಪ ಭಾಗವತರು ಬಸವಣ್ಣನವರಾಗಿಯೂ ರಾಜಕುಮಾರರು ಬಿಜ್ಜಳನಾಗಿಯೂ ಅಭಿನಯಿಸಿದ ಆ ಚಿತ್ರವನ್ನು ಟೂರಿಂಗ್ ಟಾಕೀಸಿನಲ್ಲಿ ನೆಲದ ಮೇಲೆ ಕುಳಿತು, ಕಾಲ್ಮರಿಗಳನ್ನು ಹೊರಗೆ ಬಿಟ್ಟು ನೋಡಿದ್ದಾಗಿ ಹೇಳಿದರು. “ಕಾಲ್ಮರಿ ಹೊರಗೆ ಬಿಟ್ಟರೆ ಕಳುವಾಗುತ್ತಿರಲಿಲ್ಲವೇ?” ಎಂದು ಮೊಮ್ಮಗನು ಕೇಳಿದ್ದಕ್ಕೆ, “ಆತು ನೋಡಪಾ, ನಿಮ್ಮಜ್ಜಂದು ಹೋಗಿತ್ತು” ಎಂದು ತಾವೇ ನಕ್ಕರು.

ಅಮೀನಗಡದಲ್ಲಿ ಕರದಂಟು ಕೊಳ್ಳದೆ ಮುಂದೆ ಸಾಗುವುದು ನಮ್ಮ ಪಂಗಡಕ್ಕೆ ಸಾಧ್ಯವಾಗಲಿಲ್ಲ. ಕೂಡಲಸಂಗಮದಲ್ಲಿ ಇಳಿದು, ಕೃಷ್ಣೆ ಮಲಪ್ರಭೆಯರು ಕೂಡುವ ಆ ವಿಶಾಲ ಜಲರಾಶಿಯನ್ನು ಕಂಡೆವು. ನಾರಾಯಣಪುರ ಜಲಾಶಯದ ಹಿನ್ನೀರು ಸುತ್ತುವರಿದಿರುವುದರಿಂದ ಐಕ್ಯ ಮಂಟಪದ ಸುತ್ತಲೂ ಬಾವಿಯಂತೆ ಗೋಡೆ ಕಟ್ಟಿ ರಕ್ಷಿಸಿದ್ದಾರೆ. ಮೆಟ್ಟಿಲುಗಳನ್ನಿಳಿದು ದರ್ಶನ ಪಡೆಯುವಾಗ ಪಟ್ಟಿಯ ನೆನಪು ಯಾರಿಗೂ ಇರಲಿಲ್ಲ. ಮೇಲೇರಿ ಬಂದೊಡನೆ ಎಲ್ಲರಿಗೂ ಬಂದಿತು.

ಇಳಕಲ್ಲಿನ ಅಂಗಡಿಯಲ್ಲಿ ಗಂಡಸರಿಗೆ ನಿಯತವಾದ ಕಾಯಕವೆಂದರೆ ಗೋಡೆಗೆ ಒರಗಿ ಕುಳಿತು ಚಹಾ ಕುಡಿಯುವುದು. ನಮ್ಮೆದುರು ದಾಳಿಂಬೆಗೆಂಪು, ನವಿಲುಗಪ್ಪು, ಗಿಳಿಹಸಿರು ಬಣ್ಣಗಳ ಗುಡ್ಡವೇ ಬೆಳೆಯಿತು. ಚಿಕ್ಕಿ ಪರಾಸ, ಗೋಮಿ, ಗಾಡಿ ದಡಿ ಎಂಬ ಹೆಸರುಗಳು ಹಾರಾಡಿದವು. ಜೊತೆಗೆ ಗುಳೇದಗುಡ್ಡದ ಖಣಗಳೂ ಬಂದವು. ನಾವು ಸುಮ್ಮನಿರಲಾರದೆ ಚೌಕಾಸಿಗೆ ಇಳಿದು, ಒಂದು ಕೈಮಗ್ಗದ ಸೀರೆಯ ಬೆಲೆಯಲ್ಲಿ 200 ರೂಪಾಯಿ ಇಳಿಸಿದೆವು. ಆ ಗೆಲುವನ್ನು ನಾಲ್ಕು ಸಲ ಹೇಳಿಕೊಂಡೆವು.

ಊಟದ ನಂತರ ನೇಕಾರರ ಓಣಿಯೊಂದನ್ನು ಹೊಕ್ಕೆವು. ಕುಣಿಮಗ್ಗದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಒಡಲಿನ ಹಾಸು ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಒಂದೊಂದಾಗಿ ಕುಣಿಕೆ ಹಾಕಿ ಜೋಡಿಸುತ್ತಿದ್ದರು. ಇದಕ್ಕೆ ಕೊಂಡಿ ಎನ್ನುತ್ತಾರೆ. ಇಳಕಲ್ ಸೀರೆಯ ವಿಶೇಷವೇ ಈ ಕೊಂಡಿ. ಒಡಲು ಬೇರೆ, ಸೆರಗು ಬೇರೆ. ಎರಡೂ ಎಳೆಎಳೆಯಾಗಿ ಕೈಹಿಡಿದ ಮೇಲೆಯೇ ಕೆಂಪು ಬಿಳಿಯ ತೋಪು ತೆನಿಯ ಸೆರಗು ಹುಟ್ಟುವುದು. ಮೂಲೆಯಲ್ಲಿ ಅವರ ಮಡದಿ ನೂಲು ಸುತ್ತುತ್ತಿದ್ದರು. ನಮ್ಮ ಚೌಕಾಸಿಯ ಪರಾಕ್ರಮವನ್ನು ಅಲ್ಲಿಯೂ ಬಣ್ಣಿಸಿದಾಗ ಆ ಹಿರಿಯರು ತಲೆಯೆತ್ತದೆ, “ಅಂಗಡ್ಯಾಗ ಕಡಿಮಿ ಆಗಿದ್ದು ಕಡೀಕ ಈ ಕುಣ್ಯಾಗ ಕಡಿಮಿ ಆಗ್ತದರೀ” ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಆದುದರಿಂದಲೇ ನಮಗೆ ಉತ್ತರ ತೋಚಲಿಲ್ಲ. ಕಾಯಕವೇ ಕೈಲಾಸವೆಂದು ವೇದಿಕೆಗಳಲ್ಲಿ ನುಡಿಯುವ ನಾವು, ಜೇಡರ ದಾಸಿಮಯ್ಯನವರ ವೃತ್ತಿಯವರ ಮುಂದೆ ಇನ್ನೂರು ರೂಪಾಯಿಯ ಶೂರರಾಗಿ ನಿಂತಿದ್ದೆವು.

ಅಲ್ಲಿಂದ ಶ್ರೀ ವಿಜಯ ಮಹಾಂತೇಶ್ವರ ಮಠಕ್ಕೆ ಹೋದೆವು. 2018ರಲ್ಲಿ ಲಿಂಗೈಕ್ಯರಾದ ಡಾ. ಮಹಾಂತ ಶಿವಯೋಗಿಗಳನ್ನು ನಮ್ಮ ಓದುಗರಲ್ಲಿ ಬಲ್ಲವರು ಅನೇಕರು. ಜೋಳಿಗೆ ಹಿಡಿದು ಊರೂರು ತಿರುಗಿದರೂ ಅವರು ಬೇಡಿದ್ದು ಜನರ ದುಶ್ಚಟಗಳನ್ನು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲಾಗುತ್ತದೆ. ಮಠದ ಅಂಗಳದಲ್ಲಿ ಕುಳಿತು ತಾಯಿಯವರು, ನಾವು ಎಂದೂ ಕೇಳಿರದ ಸಂಗತಿಯೊಂದನ್ನು ಹೇಳಿದರು. ನಮ್ಮ ತಂದೆಯವರು ಬಹಳ ವರ್ಷಗಳ ಹಿಂದೆ ಆ ಜೋಳಿಗೆಗೆ ತಮ್ಮ ಬೀಡಿಯ ಕಟ್ಟನ್ನು ಹಾಕಿದ್ದರಂತೆ. ಬೀಡಿಗೆ ಖರ್ಚಾಗುತ್ತಿದ್ದ ಕಾಸನ್ನು ವರ್ಷವಿಡೀ ಕೂಡಿಟ್ಟು, ಇದೇ ಊರಿಗೆ ಬಂದು ತಾಯಿಯವರಿಗೆ ಒಂದು ಸೀರೆ ತಂದಿದ್ದರಂತೆ. ಉಟ್ಟು ಉಟ್ಟು ಹರಿದ ಬಳಿಕ ಅದು ಕೌದಿಯಾಯಿತು. ಇಂದಿಗೂ ತಾಯಿಯವರು ಹೊದೆಯುವುದು ಅದನ್ನೇ. “ಒಂದ ಸೀರಿ, ಖರೇ ಸೀರಿ” ಎಂದಷ್ಟೇ ಹೇಳಿ ಸುಮ್ಮನಾದರು.

ಮರಳಿ ಪೇಟೆಗೆ ಹೋದಾಗ ಅತ್ತಿಗೆಯವರೇ ಲೇಖನಿ ತೆಗೆದರು. ಮಾತಿಗಾಗಿ ಸೇರಿಸಿದ ಹೆಸರುಗಳು, ಮುಯ್ಯಿಗೆ ಮುಯ್ಯಿ ಎಂದು ಬರೆದ ಹೆಸರುಗಳು ಒಂದೊಂದಾಗಿ ಅಳಿದು, 32 ಇದ್ದದ್ದು 14ಕ್ಕೆ ಇಳಿಯಿತು. ಆದರೆ ಹದಿನಾಲ್ಕೂ ಕೊಂಡಿಯ ಸೀರೆಗಳು. ಈ ಸಲ ನಾವು ಬೆಲೆ ಕೇಳಿದೆವೇ ಹೊರತು ಇಳಿಸಲಿಲ್ಲ. ಮೊದಲು ಇಳಿಸಿದ್ದ 200 ರೂಪಾಯಿಯನ್ನೂ ನೇಕಾರರ ಪಾಲಿಗೆ ಸೇರಿಸಬೇಕೆಂದು ಮುಂದೆ ಚಾಚಿದಾಗ ಅಂಗಡಿಯವನು ನಮ್ಮನ್ನು ವಿಚಿತ್ರವಾಗಿ ನೋಡಿದನು. ಅಷ್ಟು ವರ್ಷಗಳ ವ್ಯಾಪಾರದಲ್ಲಿ ಅಂಥ ಗಿರಾಕಿಯನ್ನು ಆತ ಕಂಡಿರಲಿಕ್ಕಿಲ್ಲ.

ಮದುಮಗಳು ಬಹಳ ಹೊತ್ತು ಯೋಚಿಸಿ ದಾಳಿಂಬೆ ಬಣ್ಣದ ಸೀರೆಯೊಂದನ್ನು ಆರಿಸಿದಳು. “ಘಾಗ್ರಾ?” ಎಂದು ತಮ್ಮನು ಕೆಣಕಿದನು. “ಗೆಳತಿಯ ಬಳಿ ಇದೆ, ಫೋಟೋಕ್ಕೆ ಒಂದು ತಾಸು ಕಡ ತಂದರಾಯಿತು” ಎಂದಳು. ಆಸೆಯನ್ನು ಪೂರ್ಣ ಗೆಲ್ಲುವುದು ಶರಣರಿಗೆ ಸಾಧ್ಯ. ನಮ್ಮಂಥವರು ಒಂದು ತಾಸಿಗೆ ಇಳಿಸಿದರೂ ಲಾಭವೇ.

ಹಿಂದಿರುಗುವಾಗ ಚಾಲಕನು ಮತ್ತೆ ಅದೇ ಗೀತೆಗಳನ್ನು ಹಚ್ಚಿದನು. ತಾಯಿಯವರು ಹೊಸ ಸೀರೆಗಳ ಗಂಟಿಗೆ ತಲೆಯಿಟ್ಟು ಮಲಗಿದ್ದರು. ಕಿವಿ ಮುಚ್ಚಿಕೊಂಡಿರಲಿಲ್ಲ.