ಊರಿನ ಜೋಳದ ಚೀಲ

ವರ್ಷಕ್ಕೊಮ್ಮೆ ರಾಣೆಬೆನ್ನೂರು ಕಡೆಯ ನಮ್ಮ ಹೊಲದಿಂದ ಒಂದು ಚೀಲ ಬಿಳಿಜೋಳ ಬರುವುದು ವಾಡಿಕೆ. ಡೊಂಬಿವಲಿ ಎಂಐಡಿಸಿಯ ನಮ್ಮ ಮನೆಯಲ್ಲಿ ಆ ಚೀಲ ಬಿಚ್ಚಿದ ದಿನ ಅವ್ವನಿಗೆ ಹಬ್ಬ. ಗೋಧಿ ಬೀಸಿದ ಕಲ್ಲಿಗೆ ತನ್ನ ಜೋಳ ಹಾಕಬಾರದೆಂದು ಗಿರಣಿಯವನಿಗೆ ನಮ್ಮಿಂದ ಮರಾಠಿಯಲ್ಲಿ ಹೇಳಿಸುವಳು. ಹಿಟ್ಟು ಮನೆಗೆ ಬಂದೊಡನೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ನೋಡುವಳು.

2025ರಲ್ಲಿ ಚೀಲ ಬರಲಿಲ್ಲ. ಫೋನು ಮಾಡಿದೆವು. ತಮ್ಮ ಹೇಳಿದ: "ಅಣ್ಣಾ, ಬಿಳಿಜೋಳ ಬಿಟ್ಟೀನಿ. ನಾಲ್ಕೂ ಎಕರೆ ಇನ್ನ ಗೋವಿನಜೋಳಾನ. ಜೋಳ ಕೀಳಾಕ ಆಳು ಸಿಗಂಗಿಲ್ಲ, ಹಕ್ಕಿ ಕಾಯೋರಿಲ್ಲ. ಎತ್ತು ಮಾರಿದ ಮ್ಯಾಲೆ ಕಣಕಿ ಯಾರು ತಿನ್ನಬೇಕು?"

ಅವ್ವ ಅಂದು ರಾತ್ರಿ ಉಣ್ಣಲಿಲ್ಲ. "ಹೊಲ ಇದ್ದೂ ಅಂಗಡಿ ಜೋಳ ತಿನ್ನೋ ಕಾಲ ಬಂತು" ಎಂದಳು. ನಮಗೂ ತಮ್ಮನ ಮೇಲೆ ಸಿಟ್ಟು ಬಂತು.

ಸಿಟ್ಟು ಇಳಿದ ಮೇಲೆ ಒಂದಿಷ್ಟು ಲೆಕ್ಕ ಹಾಕಿದೆವು. ಜಗತ್ತಿನಲ್ಲಿ ವರ್ಷಕ್ಕೆ 280 ಕೋಟಿ ಟನ್ನಿಗೂ ಮಿಕ್ಕಿ ಧಾನ್ಯ ಬೆಳೆಯುತ್ತದೆ. ಗೋಧಿ, ಅಕ್ಕಿಗಳಿಗಿಂತ ಹೆಚ್ಚು ಬೆಳೆಯುವುದು ಈ ಗೋವಿನಜೋಳವೇ, ಅಂದರೆ ಮೆಕ್ಕೆಜೋಳ. ಒಟ್ಟು ಧಾನ್ಯದಲ್ಲಿ ಮನುಷ್ಯರು ನೇರವಾಗಿ ಉಣ್ಣುವುದು ಅರ್ಧಕ್ಕಿಂತ ಕಡಿಮೆ. ಮೂರರಲ್ಲೊಂದು ಪಾಲಿಗಿಂತ ಹೆಚ್ಚು ದನ, ಹಂದಿ, ಕೋಳಿಗಳಿಗೆ ಹೋಗುತ್ತದೆ. ಉಳಿದದ್ದು ಬೀಜ, ಪಿಷ್ಟ, ಮದ್ಯ ಮತ್ತು ಇಂಧನಕ್ಕೆ. ಅಮೆರಿಕದಲ್ಲಂತೂ ಮೆಕ್ಕೆಜೋಳದ ಮೂರರಲ್ಲೊಂದು ಪಾಲಿನಷ್ಟು ಎಥೆನಾಲ್ ಕಾರ್ಖಾನೆಗಳಿಗೇ ಸಲ್ಲುತ್ತದೆ.

ಅಮೆರಿಕದ ಮಾತು ನಮಗೇಕೆ ಎನ್ನುವಂತಿಲ್ಲ. 2025ರಿಂದ ನಮ್ಮ ಪೆಟ್ರೋಲಿನಲ್ಲೂ ನೂರಕ್ಕೆ 20ರಷ್ಟು ಎಥೆನಾಲ್ ಇದೆ. ಅದನ್ನು ಕಬ್ಬಿನಿಂದಷ್ಟೇ ಅಲ್ಲ, ಅಕ್ಕಿಯಿಂದಲೂ ಮೆಕ್ಕೆಜೋಳದಿಂದಲೂ ತೆಗೆಯುತ್ತಾರೆ. ಒಂದು ಟನ್ ಮೆಕ್ಕೆಜೋಳಕ್ಕೆ ಸುಮಾರು 380 ಲೀಟರ್ ಬರುತ್ತದೆ. ಉಳಿದ ಚರಟ ಕೋಳಿ, ದನಗಳ ಮೇವಾಗುತ್ತದೆ. ಸ್ಕೂಟರಿಗೆ 5 ಲೀಟರ್ ಪೆಟ್ರೋಲು ಹಾಕಿಸಿದರೆ ಅದರಲ್ಲಿ ಒಂದು ಲೀಟರ್ ಎಥೆನಾಲ್. ಅದೆಲ್ಲ ಮೆಕ್ಕೆಜೋಳದ್ದೇ ಎಂದುಕೊಂಡರೆ ಎರಡೂವರೆ ಕಿಲೋ ಕಾಳು! ಅವ್ವನಿಗೆ ಅಷ್ಟು ಕಾಳು ಹತ್ತು ದಿನದ ರೊಟ್ಟಿಗೆ ಸಾಕು. ತಮ್ಮನ ಹೊಲದಿಂದ ಬಿಳಿಜೋಳವನ್ನು ಹೊರದೂಡಿದವರಲ್ಲಿ ನಿಲ್ದಾಣಕ್ಕೆ ಸ್ಕೂಟರಿನಲ್ಲಿ ಹೋಗುವ ನಾವೂ ಒಬ್ಬರು.

ಇಷ್ಟಾಗಿ ಅವನಿಗಾದರೂ ಲಾಭವಾಯಿತೇ? ಆ ನವೆಂಬರಿನಲ್ಲಿ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 2400 ರೂಪಾಯಿ ಇತ್ತು, ಪೇಟೆಯ ದರ ಎರಡು ಸಾವಿರಕ್ಕೂ ಕೆಳಗೆ ಬಿತ್ತು. ಹಾವೇರಿ ಜಿಲ್ಲೆಯ ರೈತರು ಬೀದಿಗಿಳಿದರು. ಬೆಳೆದ ಬಿಳಿಜೋಳ ಮಾರಾಟವಾಗದಿದ್ದರೆ ಮನೆಯಲ್ಲಿ ಉಣ್ಣಬಹುದಿತ್ತು. ನಾಲ್ಕು ಎಕರೆ ಗೋವಿನಜೋಳವನ್ನು ಉಣ್ಣುವವರು ಯಾರು?

ಅಂದು ನಾವು ಮತ್ತೆ ಫೋನು ಮಾಡಿದೆವು, ಈ ಸಲ ಬುದ್ಧಿ ಹೇಳಲಿಲ್ಲ. ಅರ್ಧ ಎಕರೆಗೆ ಬಿಳಿಜೋಳ ಹಾಕು, ಆಳಿನ ಖರ್ಚು ನಮ್ಮದು, ಕೀಳುವ ಹೊತ್ತಿಗೆ ರಜೆ ಹಾಕಿ ಬರುತ್ತೇವೆ ಎಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಕ್ಕಿ ಕಾಯಾಕ ಅವ್ವನ್ನೂ ಕರ್ಕೊಂಡ ಬಾ" ಎಂದ.

ಸದ್ಯಕ್ಕೆ ಅಂಗಡಿಯ ಮಾಲದಾಂಡಿ ಜೋಳದಲ್ಲೇ ರೊಟ್ಟಿಯಾಗುತ್ತಿದೆ. ಹೇಗಿದೆ ಎಂದು ಕೇಳಿದರೆ ಅವ್ವ, "ರುಚಿ ಐತಿ, ನಮ್ಮ ಹೊಲದ್ದಲ್ಲ ಅಷ್ಟ" ಎನ್ನುತ್ತಾಳೆ.